ಯಾರ ತಿಂಗಳು, ಎಷ್ಟು ದಿನ?

ಹುನಗುಂದದ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಮೊದಲಿನಿಂದಲೂ ಎರಡು ಕ್ಯಾಲೆಂಡರುಗಳು ತೂಗುತ್ತ ಬಂದಿವೆ. ಒಂದು ಜನವರಿಯಿಂದ ಡಿಸೆಂಬರಿನವರೆಗಿನದು. ಅದರಲ್ಲಿ ತಾರೀಖಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಮವಾಸ್ಯೆ, ಹುಣ್ಣಿಮೆ, ಮಳೆಯ ನಕ್ಷತ್ರಗಳು ಇರುತ್ತವೆ. ಇನ್ನೊಂದು ಮಸೀದಿಯ ಕಡೆಯಿಂದ ಬರುವ ಹಿಜರಿ ಕ್ಯಾಲೆಂಡರು. ಅಬ್ಬಾ ಇಳಕಲ್ಲಿನಿಂದ ಸೀರೆಗಳನ್ನು ತಂದು ಊರೂರು ತಿರುಗಿ ಮಾರುತ್ತಿದ್ದವರು. ಅವರಿಗೆ ಈ ಎರಡೂ ಬೇಕಾಗುತ್ತಿದ್ದವು. ಉದ್ರಿ ಕೊಟ್ಟ ಸೀರೆಯ ದುಡ್ಡು ಯಾವಾಗ ಬರುತ್ತದೆ ಎಂದು ಕೇಳಿದರೆ ಒಬ್ಬಳು ‘ಸೀಗಿ ಹುಣ್ಣಿವಿಗೆ’ ಅನ್ನುವಳು, ಇನ್ನೊಬ್ಬಳು ‘ಅಲಾಯಿ ಹಬ್ಬಕ್ಕ’ ಅನ್ನುವಳು, ಮಾಸ್ತರರ ಹೆಂಡತಿ ‘ಒಂದನೇ ತಾರೀಖಿಗೆ’ ಅನ್ನುವಳು. ಅಬ್ಬಾನ ಲೆಕ್ಕದ ಬುಕ್ಕಿನಲ್ಲಿ ಮೂರೂ ಬರೆದಿರುತ್ತಿತ್ತು. ಯಾವ ಲೆಕ್ಕ ಯಾರದೆಂದು ಅವರು ಎಂದೂ ತಪ್ಪಿದವರಲ್ಲ.

ಅವರ ಮಕ್ಕಳಾದ ನಾವು ತಪ್ಪಿದೆವು. ಆ ತಪ್ಪಿನ ಕಥೆಯನ್ನು ಇಷ್ಟು ವರ್ಷ ಮನೆಯೊಳಗೇ ಇಟ್ಟುಕೊಂಡಿದ್ದೆವು. ನಮ್ಮ ಭಾಗದಿಂದ ಈಗಲೂ ಹುಡುಗರು ವೀಸಾ ಹಿಡಿದು ಹೋಗುತ್ತಿದ್ದಾರೆ. ಅವರಿಗೂ ಅವರನ್ನು ಕಳಿಸಿಕೊಡುವ ಮನೆಗಳಿಗೂ ಇದು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇವೆ.

2008ರ ಜನವರಿಯಲ್ಲಿ ಮೊಹರಂ ಮತ್ತು ಬನದ ಹುಣ್ಣಿಮೆ ಒಂದೇ ವಾರದಲ್ಲಿ ಬಂದಿದ್ದವು. ಇದು ದಿನವೂ ಆಗುವಂಥದ್ದಲ್ಲ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಅಂದರೆ ಅದು ಇಂಗ್ಲಿಷ್ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ನಮ್ಮ ಸುತ್ತಿನ ಪಂಚಾಂಗದ ತಿಂಗಳುಗಳೂ ಚಂದ್ರನ ತಿಂಗಳುಗಳೇ. ಆದರೆ ಅದರಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಹಬ್ಬಗಳನ್ನು ಋತುವಿಗೆ ಕಟ್ಟಿ ಹಾಕುತ್ತಾರೆ. ಇಸ್ಲಾಮಿನಲ್ಲಿ ಹಾಗೆ ತಿಂಗಳು ಸೇರಿಸುವಂತಿಲ್ಲ. ಅದಕ್ಕೇ ಮೊಹರಂ ಒಮ್ಮೆ ಬಿಸಿಲಲ್ಲಿ, ಒಮ್ಮೆ ಮಳೆಯಲ್ಲಿ, ಒಮ್ಮೆ ಜೋಳದ ತೆನೆ ಬಲಿಯುವ ಚಳಿಯಲ್ಲಿ ಬರುತ್ತದೆ. ಸುತ್ತು ಮುಗಿಸಿ ಮತ್ತೆ ಅದೇ ಕಾಲಕ್ಕೆ ಬರಲು ಅದಕ್ಕೆ ಸುಮಾರು ಮೂವತ್ತೆರಡು ಇಂಗ್ಲಿಷ್ ವರ್ಷ ಬೇಕು. ಅಬ್ಬಾ ಆ ವಾರ ಹೇಳಿದ್ದರು: “ಹಿಂದ ಒಮ್ಮೆ ಹಿಂಗ ಆಗಿತ್ತು, ನೀವು ಇನ್ನಾ ಹುಟ್ಟಿರಲಿಲ್ಲ. ಇತ್ತ ದೇವರು ಹೊಳಿಗೆ ಹೋದ್ವು, ಅತ್ತ ನಾನು ಸೀರಿ ಗಂಟು ಹೊತ್ತು ಬದಾಮಿ ಹಾದಿ ಹಿಡಿದೆ.” ಅದು 1976ರ ಜನವರಿಯ ಮಾತು. ಬದಾಮಿಯ ಪಕ್ಕದ ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕದ ವರ್ಷ ಅವರ ಬದುಕಿನಲ್ಲಿ ಇರಲಿಲ್ಲ. ತೇರಿನ ಹಿಂದಿನ ದಿನವೇ ಅವರ ಸೀರೆಗಳು ಅಲ್ಲಿ ಹರವಿಕೊಂಡಿರಬೇಕು.

ಆ ವರ್ಷ ಹಾಗಾಗಲಿಲ್ಲ. ಜನವರಿ 21, ಸೋಮವಾರ, ತೇರಿನ ಹಿಂದಿನ ದಿನ, ನಸುಕಿನಲ್ಲಿ ಅಬ್ಬಾ ತೀರಿಕೊಂಡರು. ಗಂಟು ಕಟ್ಟಿ ಬಾಗಿಲ ಬಳಿ ಇಟ್ಟದ್ದು ಹಾಗೇ ಇತ್ತು.

ದೊಡ್ಡಣ್ಣ ಆಗ ಸೌದಿಯಲ್ಲಿದ್ದ. 2003ರ ಮಾರ್ಚಿನಲ್ಲಿ ಹೋದವನು ನಡುವೆ ಒಮ್ಮೆ 2005ರಲ್ಲಿ ಎರಡು ತಿಂಗಳು ಬಂದು ಹೋಗಿದ್ದ. ನಮ್ಮಲ್ಲಿ ಮಣ್ಣು ಕೊಡಲು ಯಾರಿಗೂ ಕಾಯುವುದಿಲ್ಲ. ಅವನು ಬರಲಾರನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅಮ್ಮಿ ಜನಾಜಾ ಎತ್ತುವಾಗ ಬಾಗಿಲ ಕಡೆಗೇ ನೋಡುತ್ತಿದ್ದಳು. ಅಣ್ಣನ ಕಫೀಲ ಅವನಿಗೆ ಹೋಗಿ ಬರುವ ವೀಸಾ ಮಾಡಿಸಿಕೊಟ್ಟದ್ದು ಮೂರು ದಿನದ ನಂತರ, ಜನವರಿ 24ರಂದು. ಒಂದು ತಿಂಗಳ ವೀಸಾ. ಅಗ್ಗದ ಟಿಕೆಟ್ ಸಿಕ್ಕಿದ್ದು 31ರ ರಾತ್ರಿಗೆ. ಫೆಬ್ರವರಿ 1ರಂದು ಮುಂಬಯಿಯಲ್ಲಿ ಇಳಿದು, ಸೊಲ್ಲಾಪುರ, ಬಿಜಾಪುರದ ಮೇಲೆ ಬಸ್ಸು ಹಿಡಿದು ಮರುದಿನ ಮನೆಗೆ ಬಂದ. ಬಂದವನು ಮೊದಲು ಖಬರಸ್ತಾನಕ್ಕೆ ಹೋದ.

ಅಂದು ರಾತ್ರಿ ಊಟದ ಹೊತ್ತಿಗೆ ನಾವೆಲ್ಲ ಕೂತು ದಿನ ಎಣಿಸಿದೆವು. ಅಬ್ಬಾ ತೀರಿದ ದಿನವನ್ನೂ ಹಿಡಿದರೆ ನಲವತ್ತನೆಯ ದಿನ ಫೆಬ್ರವರಿ 29ಕ್ಕೆ ಬರುತ್ತಿತ್ತು. ಅದೂ ಶುಕ್ರವಾರ. ನಾಲ್ಕು ವರ್ಷಕ್ಕೊಮ್ಮೆ ಬರುವ ತಾರೀಖು. ಅಣ್ಣನ ಒಂದು ತಿಂಗಳು ಮಾರ್ಚ್ 1ಕ್ಕೆ ಮುಗಿಯುತ್ತಿತ್ತು. ಜುಮ್ಮಾ ಮುಗಿಸಿ, ನಲವತ್ತರ ಫಾತಿಹಾ ಓದಿಸಿ, ಬಂದವರಿಗೆ ಊಟ ಹಾಕಿ, ರಾತ್ರಿ ಬಸ್ಸು ಹತ್ತಿದರೆ ಶನಿವಾರ ರಾತ್ರಿಯ ವಿಮಾನ ಸಿಗುತ್ತಿತ್ತು. ದೇವರೇ ಕೂಡಿಸಿ ಕೊಟ್ಟ ಲೆಕ್ಕ ಎಂದು ನಾವು ಮಾತಾಡಿಕೊಂಡೆವು. ಅಣ್ಣನಿಗೆ ಮಾತ್ರ ಒಳಗೇ ಅಳುಕು. ಮೂರನೆಯ ವಾರದ ಹೊತ್ತಿಗೆ “ಸ್ವಲ್ಪ ಮೊದಲ ಹೋಗಲೇನು?” ಎಂದು ಕೇಳಿದ. “ಮಣ್ಣಿಗಂತೂ ಬರಲಿಲ್ಲ, ನಲವತ್ತಕ್ಕಾದರೂ ಇರು” ಎಂದೆವು. ಈ ಮಾತನ್ನು ಹೇಳಿದವರು ಒಬ್ಬರಲ್ಲ, ನಾವೆಲ್ಲರೂ ಹೇಳಿದೆವು.

ಫೆಬ್ರವರಿ 22ರ ಶುಕ್ರವಾರ ಅಣ್ಣ ಮಾಳಿಗೆಯ ಮೇಲೆ ನಿಂತು ಸೋರುವ ಕಡೆಗೆ ಹೊಸ ಮಣ್ಣು ಹಾಕಿಸುತ್ತಿದ್ದ. ಅವನ ವೀಸಾ ಅಂದು ಮುಗಿದುಹೋಯಿತು. ನಮಗ್ಯಾರಿಗೂ ಗೊತ್ತಾಗಲಿಲ್ಲ.

ಮುಂಬಯಿಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹುಡುಗ ಪಾಸ್‌ಪೋರ್ಟಿನ ಹಾಳೆಯನ್ನು ಎರಡು ಸಲ ನೋಡಿ, ಪಕ್ಕದವನಿಗೆ ತೋರಿಸಿ, “ಇದು ಎಂಟು ದಿನದ ಹಿಂದೇ ಮುಗಿದಿದೆ” ಎಂದನಂತೆ. ಅಣ್ಣ ವಾದ ಮಾಡಿದನಂತೆ. ಬಂದ ದಿನದ ಮುದ್ರೆ ತೋರಿಸಿದನಂತೆ. ಆ ಹುಡುಗ ಮೆತ್ತಗೆ ಹೇಳಿದನಂತೆ: “ನೀವು ಬಂದ ದಿನದಿಂದ ಅಲ್ಲ ಚಾಚಾ, ಅವರು ಕೊಟ್ಟ ದಿನದಿಂದ.” ಅಣ್ಣನಿಗೆ ಆಗ ಮೂವತ್ತೈದೂ ತುಂಬಿರಲಿಲ್ಲ. ಅಂದು ಅವನು ಚಾಚಾ ಆದ.

ಆಮೇಲೆ ವರ್ಷಗಳ ಕಾಲ ನಾವು ಈ ಲೆಕ್ಕವನ್ನು ಬಿಡಿಸುತ್ತ ಕೂತೆವು. ತಿಳಿದದ್ದು ಇಷ್ಟು. ಹೋಗಿ ಬರುವ ವೀಸಾದ ಮೇಲೆ ಅವಧಿಯನ್ನು ಬರೆಯುವ ರೀತಿ ಎರಡು. ‘ಇಷ್ಟು ದಿನ’ ಅಥವಾ ‘ಇಷ್ಟು ತಿಂಗಳು’ ಎಂದು ಬರೆದಿದ್ದರೆ ಲೆಕ್ಕ ಶುರುವಾಗುವುದು ದೇಶ ಬಿಟ್ಟ ದಿನದಿಂದ. ‘ಇಂಥ ತಾರೀಖಿನ ಒಳಗೆ ಮರಳಬೇಕು’ ಎಂದು ಬರೆದಿದ್ದರೆ ಲೆಕ್ಕ ವೀಸಾ ಕೊಟ್ಟ ದಿನದಿಂದಲೇ ಶುರುವಾಗಿರುತ್ತದೆ. ನೀವು ಟಿಕೆಟ್ಟಿಗಾಗಿ ಅಲ್ಲೇ ಕಾದ ದಿನಗಳೂ ಅದರಲ್ಲಿ ಕರಗುತ್ತವೆ. ಅಣ್ಣನದು ಈ ಎರಡನೆಯ ಬಗೆಯದು. ವೀಸಾ ಕೊಟ್ಟದ್ದು ಹಿಜರಿ 1429ರ ಮೊಹರಂ 15. ಮರಳಬೇಕಾದದ್ದು ಸಫರ್ 15ರ ಒಳಗೆ. ಆ ಮೊಹರಂ ತಿಂಗಳಿಗೆ ಇಪ್ಪತ್ತೊಂಬತ್ತೇ ದಿನ. ಹೀಗಾಗಿ ಏಳು ದಿನ ಟಿಕೆಟ್ಟಿಗೆ ಕಾದದ್ದರಲ್ಲಿ ಹೋದವು, ಉಳಿದದ್ದು ಚಂದ್ರನ ತಿಂಗಳ ಗಿಡ್ಡತನದಲ್ಲಿ ಹೋಯಿತು.

ಸೌದಿಯಲ್ಲಿ ಆಗ ಸರಕಾರದ ಎಲ್ಲ ಲೆಕ್ಕವೂ ಹಿಜರಿಯದು. ಇಕಾಮಾದ ಮೇಲೆ ಮುಗಿಯುವ ತಾರೀಖು ಹಿಜರಿಯದೇ. ಅಲ್ಲಿನ ಕಾರ್ಮಿಕ ಕಾಯ್ದೆಯೂ ಒಪ್ಪಂದದಲ್ಲಿ ಬೇರೆ ಹೇಳದಿದ್ದರೆ ಅವಧಿಗಳನ್ನೆಲ್ಲ ಹಿಜರಿಯಲ್ಲೇ ಎಣಿಸಬೇಕು ಎನ್ನುತ್ತಿತ್ತು. ಎರಡು ವರ್ಷದ ಇಕಾಮಾ ಎಂದರೆ ನಮ್ಮ ಎರಡು ವರ್ಷಕ್ಕಿಂತ ಇಪ್ಪತ್ತೆರಡು ದಿನ ಕಡಿಮೆ. 2016ರ ಅಕ್ಟೋಬರಿನಿಂದ ಅಲ್ಲಿ ಸರಕಾರಿ ನೌಕರರ ಸಂಬಳವನ್ನು ಇಂಗ್ಲಿಷ್ ತಿಂಗಳ ಲೆಕ್ಕಕ್ಕೆ ತಂದರು. 2023ರ ನವೆಂಬರಿನಲ್ಲಿ ಸೌದಿ ಮಂತ್ರಿಮಂಡಲ ಷರೀಅತ್ತಿಗೆ ಸಂಬಂಧಿಸಿದವನ್ನು ಬಿಟ್ಟು ಉಳಿದ ಸರಕಾರಿ ವ್ಯವಹಾರಗಳ ಅವಧಿಯನ್ನೆಲ್ಲ ಇಂಗ್ಲಿಷ್ ಕ್ಯಾಲೆಂಡರಿನಂತೆ ಎಣಿಸಲು ಒಪ್ಪಿತು. ಈಗ ಹೋಗುವವರಿಗೆ ಆ ಗೊಂದಲವಿಲ್ಲ. ಆದರೆ ‘ಯಾವ ದಿನದಿಂದ’ ಎಂಬ ಪ್ರಶ್ನೆ ಹಾಗೇ ಇದೆ.

ನಮ್ಮನ್ನು ಹೆಚ್ಚು ಚುಚ್ಚಿದ್ದು ಬೇರೆ ಮಾತು. ಆ ಹಾಳೆಯ ಮೇಲಿನ ಅರಬ್ಬಿ ಅಂಕಿಗಳು ನಾವು ಕುರಾನಿನ ಆಯತ್ತುಗಳ ಕೊನೆಯಲ್ಲಿ ದಿನವೂ ನೋಡುವ ಅವೇ ಅಂಕಿಗಳು. ಹಿಜರಿ ಲೆಕ್ಕ ನಮಗೆ ಪರಕೀಯವಲ್ಲ. ಜಕಾತಿನ ವರ್ಷ ಅದರಲ್ಲೇ ಎಣಿಸುತ್ತೇವೆ. ಅದೇ ದಿನಗಳಲ್ಲಿ ಒಳಮನೆಯಲ್ಲಿ ಅಮ್ಮಿ ಇದ್ದತ್ತಿಗೆ ಕೂತಿದ್ದಳು. ಅವಳ ನಾಲ್ಕು ತಿಂಗಳು ಹತ್ತು ದಿನಗಳನ್ನು ನಾವು ಚಂದ್ರನ ತಿಂಗಳಿನಿಂದಲೇ ಎಣಿಸಿ, ಮೇ ಕೊನೆಯ ವಾರಕ್ಕೆ ಮುಗಿಯುತ್ತದೆಂದು ಗೋಡೆಯ ಹಿಜರಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆವು. ಅದೇ ಕ್ಯಾಲೆಂಡರಿನಲ್ಲಿ ಸಫರ್ 15 ಎಂಬ ಚೌಕವೂ ಇತ್ತು. ಪಾಸ್‌ಪೋರ್ಟು ಅಣ್ಣನ ಸೂಟ್‌ಕೇಸಿನಲ್ಲಿ, ಅತ್ತರಿನ ಬಾಟಲಿಗಳ ನಡುವೆ ಇತ್ತು. ತೆಗೆದು ಒಮ್ಮೆ ಮಸೀದಿಯ ಹಜರತರಿಗೆ ತೋರಿಸಿದ್ದರೆ ಸಾಕಿತ್ತು. ಇಬಾದತ್ತಿನ ಅರಬ್ಬಿಯನ್ನು ಗೌರವದಿಂದ ಓದುವ ನಾವು ಬದುಕಿನ ಕಾಗದದ ಅರಬ್ಬಿಯನ್ನು ಓದಬಹುದೆಂದು ಯೋಚಿಸಲೇ ಇಲ್ಲ.

ಕಫೀಲನಿಗೆ ಫೋನು ಮಾಡಿದೆವು. ಮೊದಲ ವಾರ ನೋಡೋಣ ಅಂದ. ಎರಡನೆಯ ವಾರ ಫೋನು ಎತ್ತಲಿಲ್ಲ. ಅಣ್ಣನ ಜಾಗದಲ್ಲಿ ಬೇರೆಯವನು ಬಂದಾಗಿತ್ತು ಎಂದು ಆಮೇಲೆ ಅಲ್ಲಿದ್ದ ಗೆಳೆಯರಿಂದ ತಿಳಿಯಿತು. ಹೀಗೆ ಅವಧಿಯೊಳಗೆ ಮರಳದವರ ಹೆಸರಿನ ಮುಂದೆ ಅಲ್ಲಿನ ದಾಖಲೆಯಲ್ಲಿ ‘ಖರಜ ವ ಲಮ್ ಯಊದ್’ ಎಂದು ಬರೆಯುತ್ತಾರೆ. ‘ಹೊರಗೆ ಹೋದ, ಮರಳಿ ಬರಲಿಲ್ಲ’ ಎಂದು ಅರ್ಥ. ಹಾಗೆ ಬರೆಸಿಕೊಂಡವನು ಮೂರು ವರ್ಷ ಬೇರೊಬ್ಬ ಕಫೀಲನ ಕೆಲಸಕ್ಕೆ ಹೋಗುವಂತಿರಲಿಲ್ಲ. ಆ ನಿಯಮವನ್ನು ಸೌದಿ ಸರಕಾರ 2024ರ ಜನವರಿಯಲ್ಲಿ ತೆಗೆದುಹಾಕಿತು. ನಮಗೆ ಆ ಅರಬ್ಬಿ ಮಾತು ಗೊತ್ತಾದ ದಿನ ಅಮ್ಮಿ ಅಂದಳು: “ಐದು ವರ್ಷ ಈ ಮನಿಯಾಗ ನಾವು ಹಂಗ ಬರದ್ವೇನು?”

ಅಣ್ಣ ಇಳಕಲ್ಲಿಗೆ ಹೋಗಿ ಗ್ರಾನೈಟ್ ಪಾಲಿಷ್ ಕೆಲಸಕ್ಕೆ ಸೇರಿದ. ಅಲ್ಲಿಯ ಕೆಂಪು ಕಲ್ಲು ಹಡಗು ಹತ್ತಿ ದೇಶ ದೇಶಕ್ಕೆ ಹೋಗುತ್ತದೆ. ಅದಕ್ಕೆ ಮರಳಿ ಬರುವ ತಾರೀಖಿನ ಗೊಡವೆ ಇಲ್ಲ ಎಂದು ಅವನು ನಗಾಡುತ್ತಿದ್ದ. ಸಂಜೆ ಬಸ್ಸಿಗೆ ಹುನಗುಂದಕ್ಕೆ ಬರುವಾಗ ರೆಪ್ಪೆಯ ಮೇಲೆಲ್ಲ ಕಲ್ಲಿನ ಹುಡಿ ಕೂತಿರುತ್ತಿತ್ತು. ಸಾಲ ಇತ್ತು. ಅಬ್ಬಾನ ಗಂಟಿನ ಸೀರೆಗಳನ್ನು ಒಂದೊಂದಾಗಿ ಮಾರಿದೆವು. ನಾವು ಅವನ ಮುಖ ನೋಡಿ ಮಾತಾಡಲು ಹಿಂಜರಿಯುತ್ತಿದ್ದ ಕಾಲ ಅದು. ಅವನು ಒಮ್ಮೆಯೂ ನಮ್ಮನ್ನು ಅನ್ನಲಿಲ್ಲ. ಅದು ಇನ್ನೂ ಭಾರವಾಗಿತ್ತು.

ಮೂರು ವರ್ಷ ಮುಗಿದ ಮೇಲೆ ಅವನು ಮತ್ತೆ ಹೊರಟಾಗ ಇನ್ನೊಂದು ಲೆಕ್ಕ ಎದುರಾಯಿತು. ಈ ಸಲ ನಮ್ಮದೇ ಸರಕಾರದ್ದು. ಅಣ್ಣ ಹತ್ತನೆಯ ತರಗತಿ ಪಾಸಾದವನಲ್ಲ. ಅಂಥವರ ಪಾಸ್‌ಪೋರ್ಟು ‘ಇ.ಸಿ.ಆರ್.’ ಬಗೆಯದು. 1983ರ ವಲಸೆ ಕಾಯ್ದೆಯಂತೆ ಅವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ಅನುಮತಿ ಪಡೆಯಬೇಕು. ಆದರೆ ಮೂರು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದು ಬಂದವನಿಗೆ ಇದರಿಂದ ವಿನಾಯಿತಿ ಉಂಟು. ಆ ಮೂರು ವರ್ಷ ಒಂದೇ ಸಮನೆ ಇರಬಹುದು, ಬಿಡಿ ಬಿಡಿಯಾಗಿಯೂ ಇರಬಹುದು. ನಾವು ಅಬ್ಬಾನ ಲೆಕ್ಕದ ಬುಕ್ಕಿನ ಖಾಲಿ ಹಾಳೆಯಲ್ಲಿ ಹೋದ ಮುದ್ರೆ, ಬಂದ ಮುದ್ರೆ ಎಲ್ಲ ಬರೆದು ಕೂಡಿಸಿದೆವು. ನಾಲ್ಕು ವರ್ಷ ಎಂಟು ತಿಂಗಳು ಆಯಿತು. ಬಿಡಿ ದಿನಗಳನ್ನೂ ಕೂಡಿಸಿಕೊಳ್ಳುವ ಈ ಮಾತು ನಮಗೆ ಹಿಡಿಸಿತು. ಬಡವನ ದಿನಗಳು ಸಾಮಾನ್ಯವಾಗಿ ಬಿಡಿಯಾಗಿಯೇ ಇರುತ್ತವೆ.

2011ರ ಏಪ್ರಿಲಿನಲ್ಲಿ ಅಣ್ಣ ಹೋದ. ಈ ಸಲ ಕಫೀಲನ ಹತ್ತಿರ ಕೆಲಸವೇ ಇರಲಿಲ್ಲ. ಹೆಸರು ಒಬ್ಬನ ಬಳಿ, ದುಡಿಮೆ ಇನ್ನೊಬ್ಬನ ಬಳಿ. ಹಾಗೆ ದುಡಿಯುತ್ತಿದ್ದವರು ಲಕ್ಷಗಟ್ಟಲೆ ಇದ್ದರು. 2013ರಲ್ಲಿ ನಿತಾಕತ್ ಬಿಗಿಯಾಯಿತು. ಏಪ್ರಿಲಿನಲ್ಲಿ ಮೂರು ತಿಂಗಳ ಗಡುವು ಕೊಟ್ಟರು. ಅದು ಮುಗಿಯುವಾಗ ಹಿಜರಿ ವರ್ಷದ ಕೊನೆಯವರೆಗೆ ವಿಸ್ತರಿಸಿದರು. ಊರಲ್ಲಿ ಕೆಲವು ಮನೆಗಳಲ್ಲಿ ‘ವರ್ಷದ ಕೊನೆ’ ಎಂದರೆ ಡಿಸೆಂಬರು ಎಂದೇ ತಿಳಿದಿದ್ದರು. ಹಿಜರಿ 1434 ಮುಗಿದದ್ದು 2013ರ ನವೆಂಬರ್ 3ಕ್ಕೆ. ಮರುದಿನದಿಂದ ಹಿಡಿಯುವುದು ಶುರುವಾಯಿತು. ಅಣ್ಣ ಸೆಪ್ಟೆಂಬರಿನಲ್ಲೇ ಹೊಸ ಕಫೀಲನ ಹೆಸರಿಗೆ ಬದಲಾಯಿಸಿಕೊಂಡಿದ್ದ. ತನ್ನ ಕೋಣೆಯವರಿಗೆಲ್ಲ ತಾರೀಖು ಬಿಡಿಸಿ ಹೇಳಿದ್ದ. ಎಂಟು ದಿನ ಕೊಟ್ಟು ಕಲಿತ ಪಾಠ ಅದು.

ಇದೇ ಹೊತ್ತಿಗೆ ನಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದ. ಅಕ್ಕನನ್ನು ಬಾಗಲಕೋಟೆಗೆ ಕೊಟ್ಟಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆ ಹೋಗಿ ನವನಗರಕ್ಕೆ ಬಂದವರು ಅವರು. ಮಗ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲಸ ಹಿಡಿದು, 2012ರ ಅಕ್ಟೋಬರ್ 1ರಿಂದ ಎಚ್-1ಬಿ ವೀಸಾದ ಮೇಲೆ ಅಲ್ಲಿಗೆ ಹೋದ. ಅದು ಮೂರು ವರ್ಷಕ್ಕೆ ಕೊಟ್ಟು ಮತ್ತೆ ಮೂರು ವರ್ಷಕ್ಕೆ ವಿಸ್ತರಿಸುವ ವೀಸಾ. ಒಟ್ಟು ಮಿತಿ ಆರು ವರ್ಷ. ಆರು ಮುಗಿದರೆ ಒಂದು ಪೂರ್ತಿ ವರ್ಷ ಹೊರಗಿದ್ದು ಬಂದರೆ ಮಾತ್ರ ಹೊಸ ಆರು.

ಆದರೆ ಅಲ್ಲಿಯ ಲೆಕ್ಕದಲ್ಲಿ ನಮ್ಮನ್ನು ಬೆರಗಾಗಿಸಿದ ಒಂದು ಮಾತಿದೆ. ಆ ಆರು ವರ್ಷ ಎಂಬುದು ಅಮೆರಿಕದ ನೆಲದ ಮೇಲೆ ಇದ್ದ ದಿನಗಳ ಲೆಕ್ಕ. ನಡುವೆ ರಜೆಗೆಂದು ದೇಶ ಬಿಟ್ಟು ಹೊರಗಿದ್ದ ಪೂರ್ಣ ದಿನಗಳನ್ನು ಕೇಳಿ ಮರಳಿ ಪಡೆಯಬಹುದು. ಹೊರಟ ದಿನ, ಮತ್ತೆ ಒಳಬಂದ ದಿನ ಲೆಕ್ಕಕ್ಕಿಲ್ಲ. ಅವು ಅಮೆರಿಕದ ದಿನಗಳೇ. ನಡುವಿನವು ನಿಮ್ಮವು. ತಂಗಿಯ ಮದುವೆಗೆ ಬಂದದ್ದು, ಅಪ್ಪನ ಆಪರೇಷನ್ನಿಗೆ ಬಂದದ್ದು, ತನ್ನ ನಿಕಾಹಿಗೆ ಬಂದದ್ದು ಎಲ್ಲ ಕೂಡಿ ಅವನಿಗೆ 61 ದಿನ ಆದವು. 2018ರ ಸೆಪ್ಟೆಂಬರ್ 30ಕ್ಕೆ ಮುಗಿಯಬೇಕಿದ್ದದ್ದು ನವೆಂಬರ್ 30ರವರೆಗೆ ಹೋಯಿತು. ಆದರೆ ಆ ದಿನಗಳನ್ನು ಯಾರೂ ತಾವಾಗಿ ಕೂಡಿಸಿ ಕೊಡುವುದಿಲ್ಲ. ಹೊರಗಿದ್ದೆ ಎಂಬುದಕ್ಕೆ ಪುರಾವೆಯನ್ನು ದುಡಿಯುವವನೇ ಒದಗಿಸಬೇಕು. ಪಾಸ್‌ಪೋರ್ಟಿನ ಮುದ್ರೆ, ಟಿಕೆಟ್ಟು, ಬೋರ್ಡಿಂಗ್ ಪಾಸು ಬೇಕು. ವಕೀಲರು ಕೇಳಿದಾಗ ಎರಡು ಬೋರ್ಡಿಂಗ್ ಪಾಸುಗಳು ಮಗನ ಹತ್ತಿರ ಇರಲಿಲ್ಲ. ಅವು ಅಕ್ಕನ ಟ್ರಂಕಿನಲ್ಲಿ ಸಿಕ್ಕವು. ಮಗ ಬಂದ ಗುರುತೆಂದು ಎತ್ತಿಟ್ಟಿದ್ದಳು. ಪ್ರೀತಿಗೆಂದು ಇಟ್ಟ ಕಾಗದ ಕಾನೂನಿಗೆ ಪುರಾವೆಯಾಯಿತು.

ಆಮೇಲೆ ಅವನ ಕಂಪನಿ ಗ್ರೀನ್ ಕಾರ್ಡಿಗೆ ಹಾಕಿ ಮೊದಲ ಒಪ್ಪಿಗೆ ಸಿಕ್ಕಿದ್ದರಿಂದ, 2000ದ ಇಸವಿಯ ಒಂದು ಕಾಯ್ದೆಯಂತೆ ಆರು ವರ್ಷ ದಾಟಿದ ಮೇಲೂ ಮೂರು ಮೂರು ವರ್ಷ ವಿಸ್ತರಣೆ ಸಿಗುತ್ತಿದೆ. ಯಾವ ದೇಶದಲ್ಲಿ ಹುಟ್ಟಿದವರಿಗೂ ನೂರಕ್ಕೆ ಏಳಕ್ಕಿಂತ ಹೆಚ್ಚು ಕಾರ್ಡು ಕೊಡಬಾರದೆಂಬ ನಿಯಮದಿಂದ ಭಾರತದವರ ಸಾಲು ಬಹಳ ಉದ್ದ. ‘ತಾತ್ಕಾಲಿಕ’ ಎಂಬ ಹೆಸರಿನ ವೀಸಾದಲ್ಲಿ ಅವನಿಗೆ ಹನ್ನೆರಡು ವರ್ಷ ದಾಟಿವೆ. ಕೆಲಸ ಹೋದರೆ ಬೇರೆ ಹುಡುಕಲು ಸಿಗುವುದು ಹೆಚ್ಚೆಂದರೆ ಅರವತ್ತು ದಿನ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂದಾಗ ಅವನು ಅಕ್ಕನ ಮನೆಯಲ್ಲಿದ್ದ. ಭಾನುವಾರದಿಂದಲೇ ಜಾರಿ ಎಂದಿತ್ತು. ರಾತ್ರಿಯೆಲ್ಲ ಟಿಕೆಟ್ಟಿಗೆ ಹುಡುಕಾಡಿದ. ಮರುದಿನ, ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗಲ್ಲ ಎಂಬ ವಿವರಣೆ ಬಂತು. ಅಕ್ಕ ಅಂದಳು: “ಓದಿದವನಿಗೂ ಅದೇ ಹೆದರಿಕೆ, ಓದದವನಿಗೂ ಅದೇ ಹೆದರಿಕೆ.”

ಹೆದರಿಕೆ ಒಂದೇ ಇರಬಹುದು, ಲೆಕ್ಕ ಒಂದೇ ಅಲ್ಲ. ಮಗ ಬಾಗಲಕೋಟೆಯಲ್ಲಿ ಕಳೆದ ದಿನಗಳು ಅವನಿಗೆ ಮರಳಿ ಸಿಕ್ಕವು. ಅಣ್ಣ ಹುನಗುಂದದಲ್ಲಿ ಕಳೆದ ದಿನಗಳು ಅವನಿಂದ ಕೆಲಸವನ್ನೇ ಕಿತ್ತುಕೊಂಡವು. ಒಬ್ಬನಿಗೆ ವಕೀಲರಿದ್ದರು, ಕಂಪನಿ ಇತ್ತು, ಇಂಗ್ಲಿಷ್ ಇತ್ತು. ಇನ್ನೊಬ್ಬನಿಗೆ ತಾನು ಓದಲಾರದ ಒಂದು ಮುದ್ರೆ ಇತ್ತು. ಆದರೆ ಇಬ್ಬರ ಕಥೆಯಲ್ಲೂ ಒಂದು ಮಾತು ಸಮ. ದಿನ ಎಣಿಸುವ ಅಧಿಕಾರ ಅವರದ್ದು, ಎಣಿಕೆ ತಪ್ಪದಂತೆ ನೋಡಿಕೊಳ್ಳುವ ಹೊಣೆ ನಮ್ಮದು.

ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ ಬರೆಸಿದ ಶಾಸನವಿದೆ. ಶಾಲೆಯಲ್ಲಿದ್ದಾಗ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದಿದ್ದರು. ಆ ಕಲ್ಲಿನಲ್ಲಿ ಕಾಲವನ್ನು ಎರಡು ಲೆಕ್ಕದಲ್ಲಿ ಹೇಳಿದೆ ಎಂದು ಮಾಸ್ತರರು ತೋರಿಸಿದ್ದರು. ಭಾರತ ಯುದ್ಧದಿಂದ 3735 ವರ್ಷ ಎಂದು ಒಂದು, ಶಕ ವರ್ಷ 556 ಎಂದು ಇನ್ನೊಂದು. ಈಗಿನ ಲೆಕ್ಕಕ್ಕೆ ಅದು ಕ್ರಿ.ಶ. 634. ಆಗ ಅದು ನಮಗೆ ಪರೀಕ್ಷೆಯ ಪ್ರಶ್ನೆ ಮಾತ್ರ. ಈಗ ಆ ಗುಡ್ಡದ ಕಡೆ ಹೋದಾಗಲೆಲ್ಲ ಬೇರೊಂದು ಯೋಚನೆ ಬರುತ್ತದೆ. ಓದುವವನು ಯಾವ ಲೆಕ್ಕ ಬಲ್ಲವನೋ ಎಂದು ಕಲ್ಲಿನಲ್ಲಿ ಎರಡನ್ನೂ ಕೊರೆಸುವ ವ್ಯವಧಾನ ಆ ಕಾಲಕ್ಕಿತ್ತು. ಒಬ್ಬನ ಅನ್ನ ನಿರ್ಧರಿಸುವ ಒಂದು ಅಂಗೈ ಅಗಲದ ಮುದ್ರೆಯಲ್ಲಿ, ಅವನು ಓದಬಲ್ಲ ಲೆಕ್ಕದಲ್ಲಿ ಇನ್ನೊಂದು ಸಾಲು ಬರೆಯಲು ಈ ಕಾಲಕ್ಕೆ ಏನು ಅಡ್ಡಿ?

ಅಡ್ಡಿ ಏನೂ ಇಲ್ಲ ಎಂಬುದನ್ನು 2020 ತೋರಿಸಿತು. ವಿಮಾನಗಳು ನಿಂತಾಗ ಊರಿಗೆ ಬಂದು ಸಿಕ್ಕಿಕೊಂಡಿದ್ದವರ ಇಕಾಮಾ, ಹೋಗಿ ಬರುವ ವೀಸಾ ಎರಡನ್ನೂ ಸೌದಿ ಸರಕಾರ ಶುಲ್ಕವಿಲ್ಲದೆ, ಯಾರೂ ಕಚೇರಿಗೆ ಅಲೆಯದೆ, ಮತ್ತೆ ಮತ್ತೆ ವಿಸ್ತರಿಸಿತು. ಅದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಅದರಿಂದ ಒಂದು ಮಾತೂ ತಿಳಿಯುತ್ತದೆ. ಹಗಲು ರಾತ್ರಿಗಳನ್ನು ಮಾಡಿದವನು ಅಲ್ಲಾಹ್. ಗಡುವು ಮಾಡಿದವರು ಮನುಷ್ಯರು. ಮನುಷ್ಯರು ಮಾಡಿದ್ದನ್ನು ಮನುಷ್ಯರು ಹಿಗ್ಗಿಸಬಲ್ಲರು. ಮನೆಯಲ್ಲಿ ಸಾವಾದವನಿಗೆ ಎಂಟು ದಿನದ ಕ್ಷಮೆ ಅಸಾಧ್ಯವಾದದ್ದೇನಲ್ಲ.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ನಾವೇ ಮಾಡಬೇಕು. ಜಮಾತಿನವರು ಹೋಗುವ ಹುಡುಗನಿಗೆ ಹಾರ ಹಾಕಿ ದುವಾ ಮಾಡಿ ಕಳಿಸುತ್ತಾರೆ. ಅದರ ಜೊತೆಗೆ ಅವನ ಕರಾರು ಪತ್ರ ಮತ್ತು ವೀಸಾದ ಹಾಳೆಯನ್ನು ಓದಬಲ್ಲವರ ಮುಂದೆ ಒಮ್ಮೆ ಓದಿಸಬೇಕು. ಮದರಸಾದಲ್ಲಿ ಓದಿದ ಹುಡುಗರೇ ಈ ಕೆಲಸ ಮಾಡಬಲ್ಲರು. ರಜೆಗೆ ಬಂದವನ ಪಾಸ್‌ಪೋರ್ಟನ್ನು ಬಂದ ದಿನವೇ ತೆಗೆದು ಮೂರು ಪ್ರಶ್ನೆ ಕೇಳಬೇಕು. ಲೆಕ್ಕ ಯಾವ ದಿನದಿಂದ? ಯಾವ ಕ್ಯಾಲೆಂಡರಿನದು? ಮುಗಿಯುವ ದಿನ ಅಲ್ಲಿ ಮುಟ್ಟಿರಬೇಕೋ, ಇಲ್ಲಿಂದ ಹೊರಟರೆ ಸಾಕೋ? ಉತ್ತರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ಟಿಕೆಟ್ಟು, ಬೋರ್ಡಿಂಗ್ ಪಾಸು ಒಂದನ್ನೂ ಬಿಸಾಡಬಾರದು.

ಅಣ್ಣ 2019ರ ಮೇ ತಿಂಗಳಲ್ಲಿ ಪೂರ್ತಿಯಾಗಿ ಮರಳಿದ. ಈಗ ಊರಲ್ಲೇ ಸಣ್ಣ ಅಂಗಡಿ ಇಟ್ಟಿದ್ದಾನೆ. ಅಬ್ಬಾನ ಬುಕ್ಕಿನಲ್ಲೇ ಉದ್ರಿ ಬರೆಯುತ್ತಾನೆ. ಅವನು ಬಂದ ಹೊಸದರಲ್ಲಿ ಒಂದು ದಿನ ನಾವು ಧೈರ್ಯ ಮಾಡಿ, ಭಾಬಿಯ ಎದುರಿಗೇ, ಹನ್ನೊಂದು ವರ್ಷದ ಹಿಂದಿನ ಆ ಮಾತನ್ನು ತೆಗೆದೆವು. ನಾವು ನಿಲ್ಲಿಸಿಕೊಂಡದ್ದರಿಂದ ನಿಮ್ಮ ಮೂರು ವರ್ಷ ಹಾಳಾದವು ಎಂದೆವು.

ಭಾಬಿ ಒಳಗೆ ಹೋಗಿ ಅದೇ ಲೆಕ್ಕದ ಬುಕ್ಕು ತಂದಳು. ನಾವು ಇ.ಸಿ.ಆರ್. ತೆಗೆಸಲು ಹೋದ ಬಂದ ಮುದ್ರೆಗಳನ್ನು ಬರೆದಿದ್ದ ಹಾಳೆಯ ಹಿಂದೆ ಅವಳು ತನ್ನ ಲೆಕ್ಕ ಬರೆದಿಟ್ಟಿದ್ದಳು. ನಾವು ಕೂಡಿಸಿದ್ದು ಅವನು ಹೊರಗಿದ್ದ ದಿನಗಳನ್ನು. ಅವಳು ಕೂಡಿಸಿದ್ದು ಮನೆಯಲ್ಲಿದ್ದ ದಿನಗಳನ್ನು. ಮದುವೆ 2002ರ ಮೇ. ಅವನು ಮೊದಲು ಹೋಗುವವರೆಗೆ ಹತ್ತು ತಿಂಗಳು. 2005ರ ರಜೆ ಎರಡು ತಿಂಗಳು. ಆಮೇಲಿನ ಮೂರು ರಜೆಗಳು ಆರು ತಿಂಗಳು. ನಡುವೆ 2008ರ ಫೆಬ್ರವರಿಯಿಂದ 2011ರ ಏಪ್ರಿಲಿನವರೆಗೆ ಮೂವತ್ತೆಂಟು ತಿಂಗಳು. ಹದಿನೇಳು ವರ್ಷದ ಸಂಸಾರದಲ್ಲಿ ಒಟ್ಟು ನಾಲ್ಕು ವರ್ಷ ಎಂಟು ತಿಂಗಳು. ಅವರ ಒಬ್ಬಳೇ ಮಗಳು ಹುಟ್ಟಿದ್ದು 2009ರಲ್ಲಿ.

“ನೀವು ಹಾಳಾದ್ವು ಅಂತೀರಲ್ಲ, ಆ ಮೂರು ವರ್ಷ,” ಭಾಬಿ ಬೆರಳಿಟ್ಟು ತೋರಿಸಿದಳು, “ನನ್ನ ಲೆಕ್ಕದಾಗ ಇರೋದ ಅವು.”

ಅಣ್ಣ ಏನೂ ಹೇಳಲಿಲ್ಲ. ಹೊರಗೆ ಅಜಾನ್ ಆಯಿತು. ಎದ್ದು ಹೋದ. ಬುಕ್ಕು ತೆರೆದೇ ಇತ್ತು. ಮುಚ್ಚಿಡಲು ನಮಗೆ ಕೈ ಬರಲಿಲ್ಲ.